ನಾಲ್ಕನೆಯ ಸಹಿ

ಗಂಡನ ಸಹಿ ನೆಬೀಸಳಿಗೆ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು. ಹದಿನಾಲ್ಕು ವರ್ಷಗಳಿಂದ ಸುಳ್ಯದ ಬ್ಯಾಂಕಿನಲ್ಲಿ ಸಾಹುಲ್ ಹಮೀದನ ಹೆಸರಿನಲ್ಲಿ ಬಿದ್ದ ಒಂದೊಂದು ಸಹಿಯೂ ಅವಳದ್ದೇ. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರು. ಒಬ್ಬಳು ಅವಳು, ಇನ್ನೊಬ್ಬ ಅದೇ ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದ ಬೋಜಪ್ಪ. ಸಾಹುಲ್ ಹಮೀದನಿಗೆ ಗೊತ್ತಿರಲಿಲ್ಲ.

ಹಾಗಾಗಿ ಮೇ ತಿಂಗಳ ಆ ಬುಧವಾರ ಬೆಳಿಗ್ಗೆ ಅವನು ಒರೊಟ್ಟಿಯನ್ನು ಮೀನುಸಾರಿಗೆ ಅದ್ದುತ್ತಾ "ನಾಳೆ ಬ್ಯಾಂಕಿಗೆ ಹೋಗ್ಲಿಕ್ಕುಂಟು, ನೀನೂ ಬಾ" ಎಂದಾಗ ನೆಬೀಸ ಕಾವಲಿಯ ಮೇಲಿದ್ದ ಇನ್ನೊಂದು ಒರೊಟ್ಟಿಯನ್ನು ತಿರುಗಿಸುವುದನ್ನೇ ಮರೆತಳು.

"ಎಂತಕ್ಕೆ?"

"ಓ.ಡಿ. ಮಾಡಿಸ್ಲಿಕ್ಕೆ."

"ಅದೆಂತ ಓ.ಡಿ.?"

"ಓವರ್‌ಡ್ರಾಫ್ಟ್ ಮಾರಾಯ್ತಿ. ಖಾತೆಯಲ್ಲಿ ದುಡ್ಡು ಇಲ್ಲದಿದ್ರೂ ನಾಲ್ಕು ಲಕ್ಷದವರೆಗೆ ತೆಗಿಲಿಕ್ಕೆ ಬಿಡ್ತಾರೆ. ಬೇಕಾದಾಗ ತೆಗಿಯುದು, ಬಂದಾಗ ತುಂಬುದು. ಸಾಲ ಅಲ್ಲ."

"ಇಲ್ಲದ್ದನ್ನು ತೆಗಿಯುದಕ್ಕೆ ಸಾಲ ಅಂತಲೇ ಅಲ್ವ ಹೇಳುದು."

"ನೀನು ಮದ್ರಸದ ಉಸ್ತಾದರ ಹಾಗೆ ಮಾತಾಡ್ಬೇಡ. ಒರೊಟ್ಟಿ ಕರಟಿತು ನೋಡು."

ಕಾರಣವೇನೋ ಸರಿಯಾದದ್ದೇ. ಇಪ್ಪತ್ತಾರು ವರ್ಷ ಗಲ್ಫಿನ ಜುಬೈಲಿನ ವರ್ಕ್‌ಶಾಪಿನಲ್ಲಿ ಪೈಪುಗಳಿಗೆ ಸ್ಪಾನರ್ ಹಾಕಿ ತಿರುಗಿಸಿದ ಮನುಷ್ಯ ಕಳೆದ ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕಟ್ಟಿ ಬಂದು ಜಾಲ್ಸೂರಿನ ಜಂಕ್ಷನ್‌ನಲ್ಲಿ ತೋಟದ ಸಾಮಾನಿನ ಅಂಗಡಿ ಇಟ್ಟಿದ್ದ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಮದ್ದು ಬಿಡಲು ಊರಿನವರೆಲ್ಲ ಮೈಲುತುತ್ತು, ಸುಣ್ಣ, ಪೈಪು, ಸ್ಪ್ರೇಯರು ಕೇಳಿಕೊಂಡು ಬರುವ ಕಾಲ ಇದು. ಈ ಮೂರು ವಾರದ ವ್ಯಾಪಾರ ಉಳಿದ ವರ್ಷವನ್ನು ಹೊರಬೇಕು. ಪುತ್ತೂರಿನ ಹೋಲ್‌ಸೇಲ್ ವ್ಯಾಪಾರಿ ತಿರುಮಲೇಶ್ವರನಿಗೆ ಐವತ್ತು ಸಾವಿರ ಮುಂಗಡ ಕೊಟ್ಟಾಗಿತ್ತು. ಮುಂದಿನ ಬುಧವಾರದೊಳಗೆ ಉಳಿದದ್ದನ್ನು ಕೊಟ್ಟು ಸರಕು ಎತ್ತದಿದ್ದರೆ ಅದು ಕಡಬದ ಇನ್ನೊಂದು ಅಂಗಡಿಗೆ ಹೋಗುತ್ತದೆ, ಮುಂಗಡವೂ ಅದರ ಹಿಂದೆಯೇ ಹೋಗುತ್ತದೆ ಎಂದು ತಿರುಮಲೇಶ್ವರ ನಗುನಗುತ್ತಲೇ ಹೇಳಿದ್ದ.

"ನೀವೇ ಹೋಗಿ ಬಂದ್ರೆ ಆಗುದಿಲ್ವ? ನಾನು ಎಂತಕ್ಕೆ?" ಎಂದು ನೆಬೀಸ ಕೇಳಿದಳು.

"ನಾನು ಆ ಮೆಟ್ಟಿಲು ಹತ್ತದೆ ಎಷ್ಟು ವರ್ಷ ಆಯ್ತೋ. ಖಾತೆ ನನ್ನದು, ಗುರುತು ನಿನ್ನದು" ಎಂದು ಸಾಹುಲ್ ಹಮೀದ್ ನಕ್ಕ.

ನೆಬೀಸಳಿಗೆ ನಗಲು ಆಗಲಿಲ್ಲ. ಊರಿಗೆ ಬಂದ ಮೇಲಿನ ಎಂಟು ತಿಂಗಳು ಅವನು ಎ.ಟಿ.ಎಂ. ಕಾರ್ಡಿನಿಂದಲೇ ಹಣ ತೆಗೆದಿದ್ದ. ಸಹಿ ಹಾಕುವ ಕೆಲಸ ಒಮ್ಮೆಯೂ ಬಂದಿರಲಿಲ್ಲ. ಒಮ್ಮೆ ಬಂದೇ ಬರುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿತ್ತು.

ಅದು ಶುರುವಾದದ್ದು ಎರಡು ಸಾವಿರದ ಹನ್ನೊಂದರಲ್ಲಿ. ಬ್ಯಾಂಕಿನವರು ಎಲ್ಲರ ಸಹಿಯನ್ನೂ ಕಂಪ್ಯೂಟರಿಗೆ ಹಾಕುತ್ತಿದ್ದರು. ಖಾತೆದಾರರು ಎರಡು ಫೋಟೋ ತಂದು ಹೊಸ ಕಾರ್ಡಿನಲ್ಲಿ ಸಹಿ ಮಾಡಬೇಕು, ಇಲ್ಲದಿದ್ದರೆ ಖಾತೆ ನಿಲ್ಲುತ್ತದೆ ಎಂದು ಕಾಗದ ಬಂತು. ಸಾಹುಲ್ ಹಮೀದ್ ಆಗ ರಜೆ ಮುಗಿಸಿ ಹೋಗಿ ಎರಡು ತಿಂಗಳಾಗಿತ್ತಷ್ಟೆ. ಪಾಸ್‌ಪೋರ್ಟು ಕಂಪೆನಿಯ ಕಪಾಟಿನಲ್ಲಿ. ಇಲ್ಲಿ ಮಗ ಮಿದ್ಲಾಜನ ಶಾಲೆಯ ಫೀಸು, ಅರ್ಧಕ್ಕೆ ನಿಂತ ತಾರಸಿ. ಕೌಂಟರಿನ ಎದುರು ಸಪ್ಪೆ ಮುಖ ಮಾಡಿ ನಿಂತವಳನ್ನು ಬೋಜಪ್ಪ ಬದಿಗೆ ಕರೆದ.

"ನೆಬೀಸಕ್ಕ, ಕಾರ್ಡು ಮನೆಗೆ ತಗೊಂಡು ಹೋಗಿ. ಹಮೀದಾಕ ಸಹಿ ಹಾಕಿದ್ದಾರೆ ಅಂತ ತಗೊಂಡು ಬನ್ನಿ."

"ಅವರು ಅಲ್ಲಿ ಇದ್ದಾರಲ್ಲ ಬೋಜಪ್ಪಣ್ಣ."

"ಗಲ್ಫಿನ ಮನೆಗಳದ್ದೆಲ್ಲ ಹಾಗೇ ಆಗುದು. ಗಂಡಂದಿರೆಲ್ಲ ಒಂದೇ ವಿಮಾನ ಹತ್ತಿ ಬರ್ತಾರಾ ಮತ್ತೆ? ನಿಮಗಿಂತ ಮುಂಚೆ ಏಳೆಂಟು ಕಾರ್ಡು ಹೀಗೇ ಬಂತು. ಸಹಿ ಹೊಂದಿದರೆ ಆಯ್ತು."

ಅವನು ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಸಹಾಯ ಎಂದೇ ಮಾಡಿದ. ನೆಬೀಸ ಮನೆಗೆ ಬಂದು ಗಂಡನ ಹಳೆಯ ಕಾಗದದ ಕೊನೆಯ ಸಾಲನ್ನು ಎದುರಿಗಿಟ್ಟು, ಕ್ಯಾಲೆಂಡರಿನ ಹಿಂಬದಿ ತುಂಬುವವರೆಗೆ ಬರೆದಳು. ಮೊದಮೊದಲು ಅದು ಬರಹ ಆಗಿರಲಿಲ್ಲ, ಚಿತ್ರ ಆಗಿತ್ತು. ಅವನ ಸಹಿ ಅವನ ಹಾಗೆಯೇ ದಪ್ಪ, ಒತ್ತಿ ಒತ್ತಿ ಬರೆದದ್ದು, ಕೊನೆಗೆ ಮೊಳೆ ಹೊಡೆದ ಹಾಗೆ ಎರಡು ಚುಕ್ಕಿ. ಇವಳ ಕೈಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಹಗುರಾಯಿತು, ಬಾಲ ಬೆಳೆಯಿತು, ಚುಕ್ಕಿಗಳು ಉದುರಿದವು. ಕೌಂಟರಿನವರು ಇವಳ ಸಹಿಯನ್ನು ಇವಳ ಸಹಿಯ ಜೊತೆಗೇ ಹೋಲಿಸಿ ನೋಡುತ್ತಿದ್ದರು, ಹಣ ಕೊಡುತ್ತಿದ್ದರು.

ಗಂಡನಿಗೆ ಹೇಳಬೇಕು ಎಂದು ಪ್ರತಿ ರಜೆಗೂ ಅಂದುಕೊಂಡಳು. ಮೂವತ್ತು ದಿನದ ರಜೆಯಲ್ಲಿ ಹದಿನೈದು ಮದುವೆಯ ಊಟ, ಉಳಿದದ್ದು ನೆಂಟರ ಮನೆ. ಆಮೇಲೆ ಹೇಳಲಾಗದ ಇನ್ನೊಂದು ಸೇರಿಕೊಂಡಿತು. ಅದರ ಕಥೆ ಬ್ಯಾಂಕಿನಲ್ಲೇ ಹೊರಬಿತ್ತು.

ಗುರುವಾರ ಹನ್ನೊಂದು ಗಂಟೆಗೆ ಅವರು ಮೆಟ್ಟಿಲು ಹತ್ತಿದಾಗ ಸಾಲದ ಮೇಜಿನಲ್ಲಿ ಹೊಸ ಅಧಿಕಾರಿ ಇದ್ದಳು. ಹೆಸರು ಜಿನು. ನೆಲ್ಯಾಡಿ ಕಡೆಯ ರಬ್ಬರ್ ತೋಟದ ಕ್ರಿಶ್ಚಿಯನ್ ಮನೆಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಮಲಯಾಳಿಗಳು ಮುಸ್ಲಿಂ ಹಿರಿಯರನ್ನು ಕರೆಯುವ ಹಾಗೆ ಅವನನ್ನು ಇಕ್ಕ ಎಂದಳು, ಇವಳನ್ನು ಇತ್ತ ಎಂದಳು. ಅಷ್ಟಕ್ಕೇ ಸಾಹುಲ್ ಹಮೀದ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಆರಾಮಾದ.

"ಓ.ಡಿ. ಅಂದ್ರೆ ಸಾಲ ಅಲ್ವಲ್ಲ ಮೇಡಂ?" ಎಂದು ಕೇಳಿದ, ಹೆಂಡತಿಗೆ ಕೇಳಲಿ ಎಂದು.

"ಸಾಲವೇ ಇಕ್ಕ. ಆದ್ರೆ ತೆಗೆದಷ್ಟಕ್ಕೆ, ತೆಗೆದ ದಿನಕ್ಕೆ ಮಾತ್ರ ಬಡ್ಡಿ."

"ಬಡ್ಡಿ ಉಂಟು."

"ಉಂಟು."

ಬಡ್ಡಿ ಹರಾಮು ಎಂದು ಕೇಳುತ್ತಲೇ ಬೆಳೆದವನು ಮೇಜಿನ ಅಂಚು ಉಜ್ಜಿದ. "ಬೇಗ ತುಂಬಿಬಿಡುವ" ಎಂದ, ಯಾರಿಗೆ ಎಂದು ಹೇಳದೆ.

ಜಿನು ಕಂಪ್ಯೂಟರಿನಲ್ಲಿ ಖಾತೆ ತೆರೆದು ಮೆಚ್ಚಿಕೊಂಡಳು. "ಒಳ್ಳೆಯ ಖಾತೆ ಇಕ್ಕ. ಹದಿನಾಲ್ಕು ವರ್ಷದಲ್ಲಿ ಒಂದು ಚೆಕ್ ವಾಪಸು ಬರ್ಲಿಲ್ಲ. ಎಲ್ಲ ಚೀಟಿಯೂ ಎಷ್ಟು ಕ್ಲೀನ್. ಇಂಥವರಿಗೆ ವೈಯಕ್ತಿಕ ಓ.ಡಿ. ಕೊಡ್ಲಿಕ್ಕೆ ನಮಗೂ ಸುಲಭ."

"ಅದೆಲ್ಲ ಇವಳದ್ದು" ಎಂದ ಸಾಹುಲ್ ಹಮೀದ್ ಹೆಮ್ಮೆಯಿಂದ. "ನಾನು ಕಳಿಸುದು, ಇವಳು ನೋಡಿಕೊಳ್ಳುದು."

"ನಮ್ಮಲ್ಲೂ ಹಾಗೇ. ಅಪ್ಪಚ್ಚನಿಗೆ ಮರದ ಹಾಲು ತೆಗಿಲಿಕ್ಕೆ ಮಾತ್ರ ಗೊತ್ತು. ರಬ್ಬರ್ ಸೊಸೈಟಿಗೆ ಅಮ್ಮಚ್ಚಿಯೇ ಹೋಗ್ಬೇಕು" ಎಂದು ಜಿನು ನಕ್ಕಳು. "ಒಂದು ಕೆಲಸ ಉಂಟು. ನಿಮ್ಮದು ಇನ್ನೂ ಗಲ್ಫಿನವರ ಖಾತೆ ಅಂತಲೇ ಉಂಟು. ಊರಿನ ಖಾತೆ ಮಾಡಿದ್ರೆ ಮಾತ್ರ ಓ.ಡಿ. ಆಗುದು. ಅದಕ್ಕೆ ಪಾಸ್‌ಪೋರ್ಟ್ ಬೇಕು. ಎಲ್ಲ ಪುಟದ್ದೂ ಜೆರಾಕ್ಸ್."

ಪಾಸ್‌ಪೋರ್ಟು ಅವನ ಚೀಲದಲ್ಲೇ ಇತ್ತು. ಬ್ಯಾಂಕಿಗೆ ಹೋಗುವಾಗ ಇರುವ ದಾಖಲೆಗಳನ್ನೆಲ್ಲ ಹೊತ್ತುಕೊಂಡು ಹೋಗುವುದು ಗಲ್ಫಿನಲ್ಲಿ ಕಲಿತ ಅಭ್ಯಾಸ. ಮೂಲೆಯ ಯಂತ್ರ ಒಂದೊಂದೇ ಪುಟವನ್ನು ಬೆಳಕು ಹಾಕಿ ನೋಡಿತು. ಪ್ರತಿ ಸಲ ಆ ಹಸಿರು ಬೆಳಕು ಹರಿದಾಗಲೂ ನೆಬೀಸ ಪುಟ ಎಣಿಸುತ್ತಿದ್ದಳು. ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಜಿನು ಅರ್ಜಿಯ ಪ್ರಶ್ನೆಗಳನ್ನು ಓದುತ್ತಾ ತಾನೇ ಟೈಪು ಮಾಡಿದಳು. ಹೆಸರು, ಪ್ರಾಯ, ಅಂಗಡಿಯ ವಿಳಾಸ.

"ಬೇರೆ ಸಾಲ ಉಂಟ?"

"ಇಲ್ಲ."

"ಯಾರಿಗಾದ್ರೂ ಜಾಮೀನು ನಿಂತಿದ್ದೀರಾ?"

"ಇಲ್ಲ. ನಾನು ಯಾರಿಗೂ ಜಾಮೀನು ನಿಲ್ಲುದಿಲ್ಲ ಮೇಡಂ. ಅದೊಂದು ವಿಷಯ ನನ್ನದು ಖಡಾಖಂಡಿತ."

ಜಿನುವಿನ ಬೆರಳು ಕೀಲಿಯ ಮೇಲೆ ನಿಂತಿತು. "ಇಲ್ಲಿ ಒಂದು ತೋರಿಸ್ತಾ ಉಂಟಲ್ಲ ಇಕ್ಕ" ಎನ್ನುತ್ತಾ ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. "ಅಬ್ದುಲ್ ರಹ್ಮಾನ್ ಅಂತ. ಗೂಡ್ಸ್ ಆಟೋದ ಸಾಲ. ಮಾರ್ಚ್ ಹನ್ನೆರಡು, ಎರಡು ಸಾವಿರದ ಹತ್ತೊಂಬತ್ತು. ಐದು ತಿಂಗಳಿಂದ ಕಂತು ಬರ್ಲಿಲ್ಲ. ಜಾಮೀನುದಾರರು ಅಂತ ನಿಮ್ಮ ಸಹಿ ಉಂಟು."

ಅಬ್ದುಲ್ ರಹ್ಮಾನ್ ನೆಬೀಸಳ ತಮ್ಮ. ಮನೆಯಲ್ಲಿ ಅದ್ರಾಮ. ಸಾಹುಲ್ ಹಮೀದನ ಎರಡು ಲಕ್ಷವನ್ನು ಕೋಳಿ ಫಾರ್ಮಿನಲ್ಲಿ ಕಳೆದವನು. ಆ ವರ್ಷದ ರಜೆ ಮುಗಿಸಿ ವಿಮಾನ ಹತ್ತುವ ಮುಂಚೆ ಸಾಹುಲ್ ಹಮೀದ್ ಹೆಂಡತಿಗೆ ಹೇಳಿ ಹೋದದ್ದು ಒಂದೇ ಮಾತು: ಇನ್ನು ಅದ್ರಾಮನಿಗೆ ನನ್ನ ಹೆಸರಿನಲ್ಲಿ ಒಂದು ರೂಪಾಯಿಯೂ ಹೋಗಬಾರದು. ಅವನು ಹೋಗಿ ಎರಡು ತಿಂಗಳಿಗೆ ತಮ್ಮ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತ. ಬೋಜಪ್ಪ ಆಗಲೂ ಕಾಗದವನ್ನು ಮನೆಗೇ ತಂದುಕೊಟ್ಟ.

ಸಾಹುಲ್ ಹಮೀದ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಪರದೆಗೆ ಮುಖ ತಂದು ನೋಡಿದ. ನೆಬೀಸ ನೆಲದ ಟೈಲಿನ ಒಂದು ಬಿರುಕನ್ನು ನೋಡುತ್ತಿದ್ದಳು. ಅವನು ಒಮ್ಮೆ ಅವಳ ಕಡೆ ತಿರುಗಿದ್ದು ಅವಳಿಗೆ ಗೊತ್ತಾಯಿತು.

"ಹೌದಲ್ಲ" ಎಂದ. "ಮರೆತೇ ಹೋಗಿತ್ತು. ಇವಳ ತಮ್ಮ."

"ಸಹಿ ನಿಮ್ಮದೇ ಅಲ್ವ ಇಕ್ಕ?"

"ನನ್ನದೇ."

ಜಿನು 'ಇಲ್ಲ' ಎಂಬುದನ್ನು ಅಳಿಸಿ 'ಹೌದು' ಎಂದು ಒತ್ತಿದಳು. ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಅರ್ಜಿಯ ಪ್ರಿಂಟ್ ತೆಗೆದಿಡುತ್ತೇನೆ, ನನ್ನ ಎದುರಿಗೇ ಆರು ಕಡೆ ಸಹಿ ಹಾಕಬೇಕಾಗುತ್ತದೆ, ತಮ್ಮನಿಗೆ ಕಂತು ಕಟ್ಟಲು ಸ್ವಲ್ಪ ಹೇಳಿ ಎಂದಳು. ಪಾಸ್‌ಪೋರ್ಟಿನ ಜೆರಾಕ್ಸುಗಳನ್ನು ಅಂಚು ಸರಿಮಾಡಿ ಫೈಲಿನೊಳಗೆ ಇಟ್ಟಳು.

ಮನೆಗೆ ಮರಳುವಾಗ, ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಸಾಹುಲ್ ಹಮೀದ್ ಎಂದಿನಂತೆ ಹೆಂಡತಿಗೆ ಕಿಟಕಿಯ ಬದಿ ಕೊಟ್ಟ. ಟಿಕೆಟ್ ತೆಗೆದ. ಪರಿಚಯದ ಒಬ್ಬರು ಮೈಲುತುತ್ತು ಬಂತಾ ಎಂದು ಕೇಳಿದ್ದಕ್ಕೆ ಬುಧವಾರ ಬನ್ನಿ ಎಂದ. ಜಾಲ್ಸೂರಿನಲ್ಲಿ ಇಳಿದು ಮನೆ ಸೇರುವವರೆಗೆ ಅವಳೊಡನೆ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ದಾರಿಯುದ್ದಕ್ಕೂ ಅನಿಸುತ್ತಿತ್ತು.

ಚಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವನು ಕಿಸೆಯಿಂದ ಪೆನ್ನು ತೆಗೆದು ಅವಳ ಎದುರಿಗಿಟ್ಟ. ತಿರುಮಲೇಶ್ವರನ ಅಂಗಡಿಯ ಮುಂಗಡದ ರಸೀದಿಯನ್ನು ಮಗುಚಿ ಹಾಕಿದ.

"ಬರೆ."

ಅವಳು ಬರೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು.

ಅವನು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹದಿನಾಲ್ಕು ವರ್ಷದ್ದೆಲ್ಲವನ್ನೂ ಅವಳು ಹೇಳಿದಳು. ಅವನು ಕಾಗದ ಕೆಳಗಿಟ್ಟ. ಕೊನೆಗೆ ಕೇಳಿದ:

"ಇನ್ನು ಎಂತೆಲ್ಲ ಸಹಿ ಮಾಡಿದ್ದೇನೆ ನಾನು?"

"ಗ್ಯಾಸಿನದ್ದು. ರೇಷನ್ ಕಾರ್ಡಿನದ್ದು. ಜಮಾತಿನ ಪುಸ್ತಕ. ಹಿತ್ತಿಲ ಮೇಲೆ ಕರೆಂಟಿನ ಲೈನು ಹೋಗುವಾಗ ಒಪ್ಪಿಗೆ ಪತ್ರ. ಮಿದ್ಲಾಜನ ಪ್ರೋಗ್ರೆಸ್ ಕಾರ್ಡು."

"ಪ್ರೋಗ್ರೆಸ್ ಕಾರ್ಡಿಗೂ ನಾನೇ?"

"ಎಂಟನೆಯಿಂದ ಹತ್ತನೆಯವರೆಗೆ."

"ಲೆಕ್ಕದಲ್ಲಿ ಎಷ್ಟಿತ್ತು ಅವನಿಗೆ?"

"ಇಪ್ಪತ್ತೆರಡು."

"ನಾನು ಎಂತ ಹೇಳಿದೆ?"

"ನೀವು ಬೈದಿರಿ. ಜೋರಾಗಿಯೇ ಬೈದಿರಿ."

ಅವನ ತುಟಿ ಒಂದು ಬದಿಗೆ ಎಳೆಯಿತು. ಅದು ನಗುವೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. "ಅದ್ರಾಮನಿಗೆ ಕೊಡಬೇಡ ಅಂತ ಹೇಳಿ ಹೋದವ ನಾನು" ಎಂದ. "ಜಾಮೀನು ನಿಂತವನೂ ನಾನು. ಸರಿ. ಈಗ ಸಹಿ ಕಲಿಸು."

"ಯಾರ ಸಹಿ?"

"ನನ್ನದು."

ಶುಕ್ರವಾರ ಜುಮಾ ಮುಗಿಸಿ ಬಂದು ಅವನು ಊಟದ ಮೇಜಿನಲ್ಲಿ ಕೂತ. ಸ್ಪಾನರ್ ಹಿಡಿದು ದಪ್ಪವಾದ ಬೆರಳುಗಳಿಗೆ ಆ ಓಟ ಬರುತ್ತಿರಲಿಲ್ಲ. ಬಾಲ ಎಳೆಯುವಲ್ಲಿ ಪೆನ್ನು ನಿಲ್ಲುತ್ತಿತ್ತು. ಕೊನೆಗೆ ಬೇಡ ಬೇಡವೆಂದರೂ ಕೈ ಎರಡು ಚುಕ್ಕಿ ಇಡುತ್ತಿತ್ತು. ನೆಬೀಸ ಅವನ ಕೈಯ ಮೇಲೆ ತನ್ನ ಕೈ ಇಟ್ಟು, ಮಿದ್ಲಾಜನಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದಳು.

"ಒತ್ತಬೇಡಿ. ಪೈಪು ಬಿಗಿ ಮಾಡುದಲ್ಲ."

"ಇದು ಹೆಂಗಸರ ಸಹಿ ಮಾರಾಯ್ತಿ. ನಾಚಿಕೆ ಆಗ್ತದೆ."

"ಹದಿನಾಲ್ಕು ವರ್ಷ ನಾಚಿಕೆ ಆಗ್ಲಿಲ್ಲ ನಿಮಗೆ."

ಹೀಗೆ ಅವರು ನಡುನಡುವೆ ನಕ್ಕದ್ದೂ ಉಂಟು. ನಕ್ಕ ಮೇಲೆ ಅವನು ಇನ್ನೊಂದು ಹಾಳೆ ಮಗುಚುತ್ತಿದ್ದ.

ಶನಿವಾರ ಅವನು ಅಂಗಡಿಗೆ ಹೋದ ಮೇಲೆ ನೆಬೀಸ ಪಂಜದಲ್ಲಿದ್ದ ಬೋಜಪ್ಪನಿಗೆ ಫೋನ್ ಮಾಡಿದಳು. ಅವನು ಮೊಮ್ಮಗಳ ನಾಮಕರಣದ ಸುದ್ದಿ ಹೇಳಿದ, ರಬ್ಬರಿಗೆ ರೇಟಿಲ್ಲ ಎಂದ, ಮೊಣಕಾಲು ನೋವೆಂದ. ಆಮೇಲೆ ಅವಳು ವಿಷಯ ಹೇಳಿದಳು. ಆಚೆಯ ಧ್ವನಿ ತೆಳ್ಳಗಾಯಿತು.

"ಹಮೀದಾಕ ನನ್ನದೇ ಅಂತ ಹೇಳಿದ್ರಾ?"

"ಹೇಳಿದ್ರು."

"ಸಹಿ ಹೊಂದಿದರೆ ಸಾಕು ಅಂತ ಇದ್ದದ್ದು ನನ್ನ ಕಾಲದಲ್ಲಿ. ಈಗಿನವರು ತಾರೀಕು ನೋಡ್ತಾರೆ ನೆಬೀಸಕ್ಕ." ಆಮೇಲೆ ಕೇಳಿದ: "ಪಾಸ್‌ಪೋರ್ಟ್ ಕೊಟ್ಟಿದ್ದೀರಾ?"

"ಜೆರಾಕ್ಸ್ ಮಾಡಿಕೊಂಡ್ರು."

"ಎಲ್ಲ ಪುಟ?"

"ಎಲ್ಲ ಪುಟ."

ಬೋಜಪ್ಪನ ಮನೆಯಲ್ಲಿ ಕೋಳಿಯೊಂದು ಕೊಕ್ಕರಿಸುವುದು ಕೇಳಿಸಿತು.

"ನನ್ನ ಹೆಸರು ಮಾತ್ರ ತೆಗಿಬೇಡಿ ಅಕ್ಕ. ಪೆನ್ಶನ್ ಉಂಟು" ಎಂದು ಫೋನ್ ಇಟ್ಟ.

ನೆಬೀಸ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದಳು. ಮೊದಲ ಪುಟದಲ್ಲೇ, ಫೋಟೋದ ಕೆಳಗೆ, ಅವನ ಸಹಿ. ದಪ್ಪ, ಒತ್ತಿ ಬರೆದದ್ದು, ಎರಡು ಚುಕ್ಕಿ. ಅವಳು ಪುಟ ತಿರುಗಿಸಿದಳು. ವಿಮಾನ ನಿಲ್ದಾಣದ ಮುದ್ರೆಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಅಂಕೆಗಳು ಕಾಣುತ್ತಿದ್ದವು. ಮಂಗಳೂರಿನಿಂದ ಹೊರಟದ್ದು ಒಂಬತ್ತು ಜನವರಿ, ಎರಡು ಸಾವಿರದ ಹತ್ತೊಂಬತ್ತು. ಮತ್ತೆ ಮಂಗಳೂರಿಗೆ ಬಂದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ಮಾರ್ಚ್ ಹನ್ನೆರಡು ಈ ಎರಡು ಮುದ್ರೆಗಳ ನಡುವೆ ಇತ್ತು. ಆ ದಿನ ಸಾಹುಲ್ ಹಮೀದ್ ಸುಳ್ಯದ ಬ್ಯಾಂಕಿನಲ್ಲಿ ಅಧಿಕಾರಿಯ ಎದುರು ಕೂತು ಸಹಿ ಹಾಕಿದ್ದ ಎಂದು ಒಂದು ಕಾಗದ ಹೇಳುತ್ತಿತ್ತು. ಅವನು ಸಮುದ್ರದ ಆಚೆ ಇದ್ದ ಎಂದು ಈ ಪುಸ್ತಕ ಹೇಳುತ್ತಿತ್ತು. ಎರಡೂ ಈಗ ಜಿನುವಿನ ಒಂದೇ ಫೈಲಿನಲ್ಲಿ ಇದ್ದವು.

ಭಾನುವಾರ ಮಧ್ಯಾಹ್ನ ಅವಳು ಅದನ್ನು ಅವನಿಗೆ ತೋರಿಸಿದಳು.

"ಹೋಗುದು ಬೇಡ. ಓ.ಡಿ. ಬೇಡ ಅಂತ ಹೇಳಿಬಿಡುವ."

ಅವನು ಪುಟವನ್ನು ನೋಡಿದ, ಮುಚ್ಚಿದ. "ಬೇಡ ಅಂದ್ರೆ ಯಾಕೆ ಅಂತ ಕೇಳುದಿಲ್ವ ಅವಳು? ನನ್ನದೇ ಅಂತ ಹೇಳಿ ಆಗಿದೆ. ಅದನ್ನು ಹಿಂದೆ ತಗೊಳ್ಳಿಕ್ಕೆ ಆಗುದಿಲ್ಲ. ಸರಕು ಬುಧವಾರಕ್ಕೆ. ಅಷ್ಟೆಲ್ಲ ಪುಟ ಯಾರು ತಿರುಗಿಸ್ತಾರೆ ನೆಬೀಸ."

"ಅವಳು ತಿರುಗಿಸ್ತಾಳೆ. ಜೆರಾಕ್ಸಿನ ಅಂಚು ಸರಿ ಮಾಡಿ ಇಟ್ಟವಳು ಅವಳು."

"ತಿರುಗಿಸಿದ್ರೆ ನಾನು ನೋಡಿಕೊಳ್ತೇನೆ."

"ಎಂತ ನೋಡಿಕೊಳ್ಳುದು? ನಾನು ಹೇಳಿಬಿಡ್ತೇನೆ, ನಾನೇ ಹಾಕಿದ್ದು ಅಂತ."

ಸಾಹುಲ್ ಹಮೀದ್ ಮೊದಲ ಸಲ ಧ್ವನಿ ಏರಿಸಿದ. "ಕಳ್ಳಸಹಿ ಅಂತ ಹೇಳ್ತಾರೆ ಅದಕ್ಕೆ. ಪೊಲೀಸಿಗೆ ಕೊಡ್ತಾರೆ. ನಿನ್ನನ್ನು ಸ್ಟೇಷನಿನಲ್ಲಿ ಕೂರಿಸಿ ನಾನು ಮೈಲುತುತ್ತು ಮಾರ್ಲಿಕ್ಕಾ? ನೀನು ಬಾಯಿ ತೆರೆಯಬಾರದು. ಆಯ್ತಾ?"

ಅವನು ಪೆನ್ನು ತೆಗೆದುಕೊಂಡು ಮತ್ತೆ ಬರೆಯತೊಡಗಿದ. ಸಂಜೆಯ ಹೊತ್ತಿಗೆ, ರಸೀದಿ ಪುಸ್ತಕ ಅರ್ಧ ಮುಗಿದಾಗ, ಅದು ಇದ್ದಕ್ಕಿದ್ದಂತೆ ಅವನ ಕೈಗೆ ಬಂತು. ಹಗುರಾದ ಓಟ, ಮೇಲಕ್ಕೆ ಹೋಗುವ ಬಾಲ, ಚುಕ್ಕಿ ಇಲ್ಲ. ಮತ್ತೆ ಬರೆದ. ಮತ್ತೆ ಅದೇ ಬಂತು.

"ನೋಡಿದ್ಯಾ" ಎಂದು ಕಾಗದ ಎತ್ತಿ ತೋರಿಸಿದ. ಸೈಕಲ್ ಕಲಿತ ಹುಡುಗನ ಮುಖ ಅವನದು. ಆ ಸಂತೋಷ ನೋಡಿ ನೆಬೀಸಳಿಗೆ, ಮುದ್ರೆಗಳನ್ನು ಕಂಡಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು.

ಸೋಮವಾರ ಬ್ಯಾಂಕಿನಲ್ಲಿ ಜನ ಕಡಿಮೆ ಇತ್ತು. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಕೂತಿದ್ದರು. ಬಾಗಿಲ ಹತ್ತಿರ ಕಾವಲಿನವನು ಪೇಪರ್ ಓದುತ್ತಿದ್ದ. ಜಿನು ಎದ್ದು ನಿಂತು ಇಬ್ಬರಿಗೂ ಕುರ್ಚಿ ಸರಿಸಿದಳು.

"ಕೂತ್ಕೊಳ್ಳಿ ಇಕ್ಕ. ಇತ್ತ, ನೀವೂ."

ಮೇಜಿನ ಮೇಲೆ ಅರ್ಜಿ ಇರಲಿಲ್ಲ. ಪಾಸ್‌ಪೋರ್ಟಿನ ಜೆರಾಕ್ಸುಗಳ ಕಟ್ಟು ಇತ್ತು. ಎರಡು ಪುಟಗಳಿಂದ ಸಣ್ಣ ಹಳದಿ ಚೀಟಿಗಳು ನಾಲಗೆಯ ಹಾಗೆ ಹೊರಗೆ ಇಣುಕುತ್ತಿದ್ದವು. ನೆಬೀಸ ಅದನ್ನು ನೋಡಿದಳು. ಸಾಹುಲ್ ಹಮೀದ್ ನೋಡಲಿಲ್ಲ. ಅವನು ಕಿಸೆಯಿಂದ ಪೆನ್ನು ತೆಗೆಯುತ್ತಿದ್ದ.

"ಮೊದಲು ಈ ಖಾಲಿ ಹಾಳೆಯಲ್ಲಿ ಮೂರು ಸಲ ಸಹಿ ಹಾಕಿ ಇಕ್ಕ. ಒಂದರ ಕೆಳಗೆ ಒಂದು."

ಅವನು ಹಾಕಿದ. ಒಂದು, ಎರಡು, ಮೂರು. ಒಂದರಲ್ಲೂ ಕೈ ನಿಲ್ಲಲಿಲ್ಲ. ಮುಗಿಸಿ, ತಲೆ ಎತ್ತಿ, ಹೆಂಡತಿಯ ಕಡೆ ಒಂದು ಸಣ್ಣ ನೋಟ ಹಾಕಿದ.

ಜಿನು ಹಾಳೆಯನ್ನು ಎತ್ತಿಕೊಂಡು ಕಂಪ್ಯೂಟರಿನ ಪರದೆಯ ಪಕ್ಕ ಹಿಡಿದಳು. "ಸರಿಯಾಗಿ ಹೊಂದ್ತದೆ" ಎಂದಳು. ಆ ಮಾತಿನಲ್ಲಿ ಸಂತೋಷ ಇರಲಿಲ್ಲ. ಮೊದಲ ಹಳದಿ ಚೀಟಿಯ ಪುಟ ತೆರೆದು ಅವನ ಎದುರಿಗಿಟ್ಟಳು. ಫೋಟೋ ಇದ್ದ ಪುಟ. "ಇದು?"

"ಅದು ಹಳೆಯದಲ್ವ ಮೇಡಂ. ಸಹಿ ಬದಲಾಗ್ತದೆ."

"ಬದಲಾಗ್ತದೆ. ನಮ್ಮ ಅಪ್ಪಚ್ಚನದ್ದೂ ಬದಲಾಯ್ತು." ಅವಳು ಎರಡನೆಯ ಪುಟ ತೆರೆದಳು. ಪೆನ್ಸಿಲಿನ ತುದಿಯನ್ನು ಒಂದು ಮುದ್ರೆಯಿಂದ ಇನ್ನೊಂದಕ್ಕೆ ಮೆಲ್ಲನೆ ಒಯ್ದಳು. "ಆ ಜಾಮೀನು ಪತ್ರಕ್ಕೆ ನೀವು ಇಲ್ಲಿಗೇ ಬಂದು ಸಹಿ ಹಾಕಿದ್ದು ಅಂತ ಉಂಟು. ಮಾರ್ಚ್ ಹನ್ನೆರಡಕ್ಕೆ. ಬಂದಿದ್ರಾ?"

"ಬಂದಿದ್ದೆ."

ಜಿನು ಪೆನ್ಸಿಲ್ ಕೆಳಗಿಟ್ಟಳು. ಧ್ವನಿ ಇನ್ನೂ ಮೃದುವಾಯಿತು.

"ಹಾಗಾದ್ರೆ ನಿಮಗೆ ಬೇರೆ ಪಾಸ್‌ಪೋರ್ಟ್ ಉಂಟ ಇಕ್ಕ?"

ಸಾಹುಲ್ ಹಮೀದ್ ಬಾಯಿ ತೆರೆದ. ಹೆಂಡತಿಯ ಸಹಿಯನ್ನು ತನ್ನದು ಎಂದವನು ಈಗ ಇಲ್ಲದ ಪಾಸ್‌ಪೋರ್ಟೊಂದನ್ನೂ ತನ್ನದೇ ಎಂದುಬಿಡುತ್ತಾನೆ ಎಂದು ನೆಬೀಸಳಿಗೆ ಗೊತ್ತಾಯಿತು. ಇಪ್ಪತ್ತೊಂಬತ್ತು ವರ್ಷದ ಸಂಸಾರ. ಮೇಜಿನ ಅಂಚು ಉಜ್ಜಿ, "ಉಂಟು" ಎನ್ನುವ ಮೊದಲು ಅವನು ಎಳೆದುಕೊಳ್ಳುವ ಉಸಿರೂ ಅವಳಿಗೆ ಗುರುತಿತ್ತು. ಅವನು ಆ ಉಸಿರು ಎಳೆದುಕೊಂಡ.

ನೆಬೀಸ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಹಾಳೆಯನ್ನು ತನ್ನ ಕಡೆಗೆ ಎಳೆದು, ಮೂರು ಸಹಿಗಳ ಕೆಳಗೆ ನಾಲ್ಕನೆಯದನ್ನು ಹಾಕಿದಳು. ಹಾಳೆಯನ್ನು ನೋಡಲೂ ಇಲ್ಲ. ಜಿನುವಿನ ಮುಖವನ್ನೇ ನೋಡುತ್ತಾ ಹಾಕಿದಳು.

ನಾಲ್ಕೂ ಒಂದೇ ಥರ ಇದ್ದವು. ಆದರೆ ಯಾವುದು ನಕಲು, ಯಾವುದು ಅಸಲು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ವರ್ಷದಿಂದ, ಇತ್ತ?" ಎಂದು ಜಿನು ಕೇಳಿದಳು. ರಬ್ಬರ್ ಸೊಸೈಟಿಗೆ ಹೋಗುವ ಅಮ್ಮಚ್ಚಿ ಅವಳಿಗೂ ನೆನಪಾಗಿರಬೇಕು.

"ಹದಿನಾಲ್ಕು. ಇವರಿಗೆ ಗೊತ್ತಿರ್ಲಿಲ್ಲ. ಕಳೆದ ಗುರುವಾರ ನಿಮ್ಮ ಈ ಮೇಜಿನಲ್ಲಿ ಗೊತ್ತಾದ್ದು."

"ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ. ನಾನೇ ಕಲಿತದ್ದು."

ಜಿನು ಸ್ವಲ್ಪ ಹೊತ್ತು ಹಾಳೆಯನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಅದು ಹಾಗೆಯೇ ಇದ್ದುಬಿಟ್ಟರೆ, ಯಾರೂ ಎತ್ತದಿದ್ದರೆ, ಎಲ್ಲರೂ ಎದ್ದು ಮನೆಗೆ ಹೋಗಬಹುದೇನೋ ಎಂಬಂತೆ ಮೂವರೂ ಅದನ್ನೇ ನೋಡುತ್ತಿದ್ದರು. ಆಮೇಲೆ ಅವಳು ಎದ್ದಳು. ಹಾಳೆಯನ್ನು ಫೈಲಿಗೆ ಸೇರಿಸಿ, ಅಂಚು ಸರಿಮಾಡಿ, ಗಾಜಿನ ಕೋಣೆಯೊಳಗೆ ಹೋದಳು.

ಒಳಗಿನ ಮಾತು ಕೇಳುತ್ತಿರಲಿಲ್ಲ. ಮ್ಯಾನೇಜರ್ ಕನ್ನಡಕ ಹಾಕಿಕೊಂಡದ್ದು ಕಂಡಿತು. ಹಾಳೆಯನ್ನು ಹತ್ತಿರ ತಂದದ್ದು, ದೂರ ಹಿಡಿದದ್ದು ಕಂಡಿತು. ಒಮ್ಮೆ ಅವರು ಗಾಜಿನಾಚೆಯಿಂದ ನೆಬೀಸಳನ್ನು ನೋಡಿದರು, ಅವಳೇ ಹಾಳೆಯ ಮೇಲಿನ ಬರಹ ಎಂಬ ಹಾಗೆ. ಆಮೇಲೆ ಫೋನಿನ ರಿಸೀವರ್ ಎತ್ತಿದರು.

"ಬಾಯಿ ತೆರೆಯಬೇಡ ಅಂತ ಹೇಳಿದ್ದೆ" ಎಂದ ಸಾಹುಲ್ ಹಮೀದ್.

"ತೆರೆಯಲಿಲ್ಲ. ಸಹಿ ಹಾಕಿದ್ದು."

ಅವನು ಪೆನ್ನಿಗೆ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿದ. ಅವಳ ಕೈಯ ಮೇಲೆ ತನ್ನ ಕೈ ಇಟ್ಟ, ಮೇಜಿನ ಕೆಳಗೆ, ಯಾರಿಗೂ ಕಾಣದ ಹಾಗೆ.

"ನಿನ್ನದೇ ಚಂದ ಉಂಟು ಈಗಲೂ" ಎಂದ.

ಮ್ಯಾನೇಜರ್ ಫೋನ್ ಇಟ್ಟು ಕಾವಲಿನವನನ್ನು ಒಳಗೆ ಕರೆದರು. ಅವನು ಹೊರಗೆ ಬಂದು, ಬಾಗಿಲ ಹತ್ತಿರದ ತನ್ನ ಸ್ಟೂಲನ್ನು ಎತ್ತಿ ಮೆಟ್ಟಿಲಿನ ಬಾಯಿಗೆ ಅಡ್ಡವಾಗಿ ಇಟ್ಟ. ಪೇಪರನ್ನು ಮಡಚಿ ಅದರ ಮೇಲೆ ಹಾಕಿದ. ಮತ್ತೆ ಇವರ ಹತ್ತಿರ ಬಂದು, ನೆಲ ನೋಡುತ್ತಾ, ಸಂಕೋಚದಿಂದಲೇ ಹೇಳಿದ:

"ಚಾ ತರಿಸ್ಲಾ ಅಂತ ಕೇಳ್ತಿದ್ದಾರೆ ಸಾರ್. ಸ್ವಲ್ಪ ಹೊತ್ತು ಎಲ್ಲಿಗೂ ಹೋಗ್ಬಾರ್ದಂತೆ, ಇಬ್ಬರೂ."

"ತರಿಸಿ" ಎಂದ ಸಾಹುಲ್ ಹಮೀದ್. "ಇವಳಿಗೆ ಸಕ್ಕರೆ ಬೇಡ."